ಅಡುಗೆ ಮನೆ: ಜಪಾನಿನ ಕಟ್ಲೆಟ್ ಅನ್ನ, ನಮ್ಮ ಹಲಾಲ್ ಒಲೆಯಲ್ಲಿ



ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಈಗ ಹೊಸದೊಂದು ಬೇಡಿಕೆ ಶುರುವಾಗಿದೆ. ಬಿರಿಯಾನಿಯೂ ಬೇಡ, ತುಪ್ಪದನ್ನವೂ ಬೇಡ. "ಉಮ್ಮಾ, ಜಪಾನಿನವರು ತಿನ್ನುವ ಆ ಬಟ್ಟಲು ಊಟ ಮಾಡಿಕೊಡಿ" ಎಂಬ ಹಟ. ಮೊಬೈಲಿನಲ್ಲಿ ಜಪಾನಿ ಕಾರ್ಟೂನು ನೋಡುವ ಮಕ್ಕಳಿಗೆ ಅದು ಕಂಠಪಾಠ. ಆಳವಾದ ಬಟ್ಟಲಿನಲ್ಲಿ ಬಿಸಿ ಅನ್ನ, ಅದರ ಮೇಲೆ ಗರಿಗರಿಯಾಗಿ ಕರಿದ ಕಟ್ಲೆಟ್, ಅದರ ಮೇಲೆ ಈರುಳ್ಳಿಯ ಸಿಹಿ ರಸದಲ್ಲಿ ಬೆಂದ ಮೊಟ್ಟೆ. ಹೆಸರು ಕತ್ಸುದೋನ್. ಕಟ್ಲೆಟ್ ಎಂಬ ಪದವೇ ಜಪಾನಿನವರ ನಾಲಿಗೆಯಲ್ಲಿ 'ಕತ್ಸುರೆತ್ಸು' ಆಗಿ, ಮೊಟಕಾಗಿ 'ಕತ್ಸು' ಆಯಿತು. 'ದೋನ್' ಎಂದರೆ ದೊಂಬುರಿ, ಅಂದರೆ ಅನ್ನದ ದೊಡ್ಡ ಬಟ್ಟಲು.

ಮಕ್ಕಳ ಆಸೆಯೇನೋ ಸರಿ. ಆದರೆ ಇದನ್ನು ಹೋಟೆಲಿನಲ್ಲಿ ಕೊಡಿಸುವ ಮುಂಚೆ ಎರಡು ವಿಷಯ ತಿಳಿದಿರಬೇಕು. ಮೊದಲನೆಯದು, ಜಪಾನಿನಲ್ಲಿ ಈ ಊಟವನ್ನು ಸಾಮಾನ್ಯವಾಗಿ ಮಾಡುವುದು ಹಂದಿ ಮಾಂಸದಲ್ಲಿ. 'ತೊಂಕತ್ಸು' ಎಂದು ಬರೆದಿದ್ದರೆ ಅದು ಹಂದಿಯೇ, 'ತೊನ್' ಎಂದರೆ ಹಂದಿ. ಇದು ಹೇಗೋ ಕೇಳಿ ತಿಳಿಯುವಂಥದ್ದು, ಚಿಕನ್ ಇದೆಯೇ ಎಂದು ಕೇಳಿದರೆ ಸಾಕು.

ಎರಡನೆಯದು ಕಣ್ಣಿಗೆ ಕಾಣುವುದಿಲ್ಲ. ಮೊಟ್ಟೆ ಬೇಯುವ ಆ ಸಿಹಿ ರಸಕ್ಕೆ 'ಮಿರಿನ್' ಹಾಕುತ್ತಾರೆ, ಕೆಲವರು 'ಸಾಕೆ'ಯನ್ನೂ ಹಾಕುತ್ತಾರೆ. ಎರಡೂ ಅಕ್ಕಿಯಿಂದ ತಯಾರಾದ ಮದ್ಯ. ಅಸಲಿ ಮಿರಿನ್‌ನಲ್ಲಿ ಶೇಕಡಾ 14ರಷ್ಟು ಆಲ್ಕೋಹಾಲ್ ಇರುತ್ತದೆ. "ನಮ್ಮಲ್ಲಿ ಹಲಾಲ್ ಚಿಕನ್ ಮಾತ್ರ" ಎಂದು ಹೋಟೆಲಿನವರು ಬಾಗಿಲಲ್ಲೇ ಫಲಕ ಹಾಕಿರಬಹುದು, ಅವರು ಸುಳ್ಳು ಹೇಳುತ್ತಿಲ್ಲ. ಕೋಳಿ ಹಲಾಲೇ. ಆದರೆ ಕೋಳಿ ಮುಳುಗಿರುವ ರಸದ ಬಗ್ಗೆ ಆ ಫಲಕ ಏನೂ ಹೇಳುವುದಿಲ್ಲ, ಬಡಿಸುವ ಹುಡುಗನಿಗೂ ಗೊತ್ತಿರುವುದಿಲ್ಲ. ನಾವು ಕೇಳುವುದು ಕೋಳಿಯ ವಿಷಯ ಮಾತ್ರ, ಅಲ್ಲಿಗೆ ಸುಮ್ಮನಾಗುತ್ತೇವೆ.

ಕುದಿಸಿದರೆ ಆಲ್ಕೋಹಾಲ್ ಆವಿಯಾಗಿ ಹೋಗುತ್ತದಲ್ಲ ಎಂದು ಕೆಲವರು ಸಮಾಧಾನ ಹೇಳುವುದುಂಟು. ಇದು ಅರ್ಧ ಸತ್ಯ. ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿರುವ ಪಟ್ಟಿಯ ಪ್ರಕಾರ, ಅಡುಗೆಗೆ ಬೆರೆಸಿದ ಮದ್ಯವನ್ನು 15 ನಿಮಿಷ ಬೇಯಿಸಿದರೂ ಅದರ ಆಲ್ಕೋಹಾಲಿನ ಶೇಕಡಾ 40ರಷ್ಟು ಉಳಿದಿರುತ್ತದೆ. ಒಂದು ಗಂಟೆ ಬೇಯಿಸಿದರೂ ಕಾಲು ಭಾಗ ಉಳಿಯುತ್ತದೆ. ಕತ್ಸುದೋನ್‌ನ ರಸ ಒಲೆಯ ಮೇಲಿರುವುದೇ ಐದಾರು ನಿಮಿಷ. ಇನ್ನು, ಮದ್ಯವನ್ನು ಅಡುಗೆಗೆಂದು ಸುರಿಯುವುದೇ ನಮಗೆ ಸಲ್ಲದು, ಆವಿಯ ಲೆಕ್ಕ ಆಮೇಲಿನ ಮಾತು. ಹಾಗಾಗಿ ಮಕ್ಕಳನ್ನು ಗದರಿಸಿ ಬಾಯಿ ಮುಚ್ಚಿಸುವ ಬದಲು ಮನೆಯಲ್ಲೇ ಮಾಡಿಕೊಡುವುದು ಲೇಸು. ಮನೆಯಲ್ಲಿ ಸಿಗದ್ದನ್ನು ಹೊರಗೆ ಹುಡುಕುವ ವಯಸ್ಸು ಅವರದು.

ಇದೇನೂ ಪುರಾತನ ಕಾಲದ ಊಟವಲ್ಲ. ಜಪಾನಿನಲ್ಲಿ ಕ್ರಿ.ಶ. 675ರಲ್ಲೇ ತೆನ್ಮು ಚಕ್ರವರ್ತಿ ದನ, ಕುದುರೆ, ಕೋಳಿ ಮುಂತಾದವುಗಳ ಮಾಂಸ ತಿನ್ನುವುದನ್ನು ನಿಷೇಧಿಸಿದ್ದ. ಮುಂದೆ ಶತಮಾನಗಳ ಕಾಲ ಅಲ್ಲಿ ಮಾಂಸದೂಟಕ್ಕೆ ಮರ್ಯಾದೆ ಇರಲಿಲ್ಲ. 1872ರಲ್ಲಿ ಮೇಜಿ ಚಕ್ರವರ್ತಿ ತಾನೇ ಗೋಮಾಂಸ ತಿಂದದ್ದು ಜನರಿಗೆ ತಿಳಿದ ಮೇಲೆ ಹವಾ ಬದಲಾಯಿತು. ಯುರೋಪಿನ ಕಟ್ಲೆಟ್ ಬಂದದ್ದು ಆ ಬಾಗಿಲಿನಿಂದ. ಅದಕ್ಕೆ ಹಚ್ಚುವ ಬ್ರೆಡ್ ತರಿಗೆ ಜಪಾನಿನವರು 'ಪಾಂಕೊ' ಎನ್ನುತ್ತಾರೆ. ಅದರಲ್ಲಿರುವ 'ಪಾನ್' ಪೋರ್ಚುಗೀಸರು ಬಿಟ್ಟು ಹೋದ ಪದ. ನಮ್ಮ ಪಾವ್ ಭಾಜಿಯ ಪಾವ್ ಕೂಡ ಅದೇ ಪೋರ್ಚುಗೀಸ್ ಪದ!

ಬನ್ನಿ, ಅಡುಗೆಗೆ ಇಳಿಯೋಣ. ಇದು ನಾಲ್ಕು ಜನರ ಅಳತೆ.

ಬೇಕಾಗುವ ಸಾಮಗ್ರಿ: ಎಲುಬಿಲ್ಲದ ಕೋಳಿಯ ಎದೆಭಾಗ ಅರ್ಧ ಕೆ.ಜಿ., ಮೈದಾ ಅರ್ಧ ಕಪ್, ಬ್ರೆಡ್ ತರಿ 2 ಕಪ್, ಮೊಟ್ಟೆ 8 (ಎರಡು ಕಟ್ಲೆಟ್ ಅದ್ದಲು, ಆರು ಮೇಲಿನ ರಸಕ್ಕೆ), ಈರುಳ್ಳಿ ದೊಡ್ಡದು 2, ಸೋಯಾ ಸಾಸ್ 3 ಟೇಬಲ್ ಚಮಚ, ಸಕ್ಕರೆ 2 ಟೇಬಲ್ ಚಮಚ, ಕೋಳಿ ಎಲುಬಿನ ಸಾರು 2 ಕಪ್, ಅಕ್ಕಿ 2 ಕಪ್, ಕರಿಮೆಣಸಿನ ಪುಡಿ, ಉಪ್ಪು, ಲಿಂಬೆ ರಸ, ಈರುಳ್ಳಿ ಸೊಪ್ಪು ಸ್ವಲ್ಪ, ಕರಿಯಲು ಎಣ್ಣೆ.

ಕೋಳಿ ಅಂಗಡಿಯವರಿಗೆ ಎದೆಭಾಗವನ್ನು ಬೇರೆ ಮಾಡಿಕೊಡಲು ಹೇಳಿ, ಎಲುಬನ್ನು ಬಿಟ್ಟು ಬರಬೇಡಿ. ಅದನ್ನು ಒಂದು ತುಂಡು ಶುಂಠಿಯೊಂದಿಗೆ ನೀರಿನಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿದರೆ ಸಾರು ಸಿದ್ಧ. ಜಪಾನಿನವರು ಇದರ ಬದಲು 'ದಾಶಿ' ಬಳಸುತ್ತಾರೆ. ಕಡಲ ಪಾಚಿ ಮತ್ತು ಹೊಗೆ ಹಾಕಿ ಒಣಗಿಸಿದ ಟ್ಯೂನಾ ಮೀನಿನ ಹೆರೆತದಿಂದ ಮಾಡುವ ತಿಳಿ ರಸ ಅದು. ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಂತೆ ಒಣಗಿಸುವ ಪದ್ಧತಿ ನಮ್ಮ ಪಕ್ಕದ ಲಕ್ಷದ್ವೀಪದಲ್ಲೂ ಇದೆ. ಅಲ್ಲಿನವರು ಅದನ್ನು 'ಮಾಸ್' ಎನ್ನುತ್ತಾರೆ. ನಿಮಗೆ ಅದು ಸಿಕ್ಕಿದರೆ ಬೆರಳುದ್ದದ ತುಂಡೊಂದನ್ನು ಜಜ್ಜಿ ಸಾರಿಗೆ ಹಾಕಿ ಐದು ನಿಮಿಷ ಕುದಿಸಿ ಸೋಸಿ ನೋಡಿ, ಜಪಾನಿನ ಪರಿಮಳಕ್ಕೆ ಬಹಳ ಹತ್ತಿರ ಬರುತ್ತದೆ. ಇಲ್ಲದಿದ್ದರೆ ಕೊರತೆಯೇನಿಲ್ಲ.

ಸೋಯಾ ಸಾಸ್ ಕೊಳ್ಳುವಾಗ ಬಾಟಲಿಯ ಹಿಂಬದಿಯನ್ನು ಓದಿ. ಹುದುಗಿಸಿ ಮಾಡಿದ ಸಾಸಿನಲ್ಲಿ ತಾನಾಗಿಯೇ ಅಲ್ಪ ಪ್ರಮಾಣದ ಆಲ್ಕೋಹಾಲ್ ಉಂಟಾಗುತ್ತದೆ, ಅದರ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಕೆಲವು ಕಂಪೆನಿಗಳು ಕೆಡದಿರಲೆಂದು ಬೇರೆಯಾಗಿ ಆಲ್ಕೋಹಾಲ್ ಸೇರಿಸುತ್ತವೆ. 'ಎಥೈಲ್ ಆಲ್ಕೋಹಾಲ್' ಅಥವಾ 'ರೈಸ್ ವೈನ್' ಎಂದು ಬರೆದಿದ್ದರೆ ಅಲ್ಲೇ ಇಟ್ಟುಬಿಡಿ. ಹಲಾಲ್ ಮುದ್ರೆಯ ಬಾಟಲಿ ಸಿಕ್ಕರೆ ಸಂಶಯಕ್ಕೆ ಎಡೆಯೇ ಇಲ್ಲ.

ಇನ್ನು ಬ್ರೆಡ್ ತರಿ. ಇಲ್ಲಿ ತಪ್ಪಿದರೆ ನೀವು ಮಾಡುವುದು ನಮ್ಮ ಇಫ್ತಾರಿನ ಕಟ್ಲೆಟ್ಟೇ ಆಗುತ್ತದೆ. ರಸ್ಕ್ ಪುಡಿ ಬೇಡ. ಅದು ನುಣ್ಣಗೆ, ಕರಿದಾಗ ಗಟ್ಟಿ ಪದರವಾಗುತ್ತದೆ. ಎರಡು ದಿನ ಹಳೆಯ ಬಿಳಿ ಬ್ರೆಡ್ಡಿನ ಕಂದು ಅಂಚು ಕತ್ತರಿಸಿ ತೆಗೆದು, ಉಳಿದದ್ದನ್ನು ತೆಂಗಿನಕಾಯಿ ತುರಿಯಂತೆ ದಪ್ಪಗೆ ತುರಿದುಕೊಳ್ಳಿ. ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ ಎರಡು ಗಂಟೆ ಆರಲಿ. ಬಣ್ಣ ಬಿಳಿಯಾಗಿಯೇ ಇರಬೇಕು, ಹುರಿಯಬೇಡಿ.

ಎದೆಭಾಗವನ್ನು ಅಡ್ಡಕ್ಕೆ ಸೀಳಿ ನಾಲ್ಕು ಹಾಳೆ ಮಾಡಿ, ಲಟ್ಟಣಿಗೆಯಿಂದ ಮೆಲ್ಲನೆ ತಟ್ಟಿ ಎಲ್ಲ ಕಡೆ ಒಂದು ಸೆಂಟಿಮೀಟರ್ ದಪ್ಪಕ್ಕೆ ತನ್ನಿ. ಉಪ್ಪು, ಕರಿಮೆಣಸು ಸವರಿ. ಅಷ್ಟೇ! ನಮ್ಮ ಕೈ ಅಭ್ಯಾಸಬಲದಿಂದ ಗರಂ ಮಸಾಲೆ ಡಬ್ಬಕ್ಕೆ ಹೋಗುತ್ತದೆ, ಈ ಒಂದು ಸಲ ತಡೆಯಿರಿ. ಖಾರ ಬೇಕೇ ಬೇಕು ಎನ್ನುವವರು ಆಮೇಲೆ ರಸಕ್ಕೆ ಒಂದು ಹಸಿಮೆಣಸು ಸೀಳಿ ಹಾಕಿಕೊಳ್ಳಬಹುದು. ಹಾಳೆಯನ್ನು ಮೊದಲು ಮೈದಾದಲ್ಲಿ ಹೊರಳಿಸಿ ಕೊಡವಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ತರಿಯ ಮೇಲಿಟ್ಟು ಅಂಗೈಯಿಂದ ಒತ್ತಿ. ಹತ್ತು ನಿಮಿಷ ಹಾಗೇ ಬಿಡಿ, ತರಿ ಅಂಟಿಕೊಳ್ಳುತ್ತದೆ.

ಎಣ್ಣೆ ಕಾದಿದೆಯೇ ಎಂದು ನೋಡಲು ಒಂದು ಚಿಟಿಕೆ ತರಿ ಹಾಕಿ. ಸ್ವಲ್ಪ ಮುಳುಗಿ ತಕ್ಷಣ ಗುಳ್ಳೆಯೊಂದಿಗೆ ಮೇಲೆ ಬಂದರೆ ಸರಿ. ಬಿದ್ದ ಕೂಡಲೇ ಕಪ್ಪಾದರೆ ಉರಿ ಇಳಿಸಿ. ಬಿಸ್ಮಿಲ್ಲಾಹ್ ಹೇಳಿ ಒಂದೊಂದಾಗಿ ಬಿಟ್ಟು, ಮಧ್ಯಮ ಉರಿಯಲ್ಲಿ ಎರಡೂ ಬದಿ ಸೇರಿ ಐದಾರು ನಿಮಿಷ ಕರಿಯಿರಿ. ತೆಗೆದದ್ದನ್ನು ತಟ್ಟೆಯಲ್ಲಿ ಮಲಗಿಸಬೇಡಿ, ಅಡಿ ಮೆತ್ತಗಾಗುತ್ತದೆ. ಜರಡಿಯ ಮೇಲೆ ನಿಲ್ಲಿಸಿ. ಎರಡು ನಿಮಿಷ ಬಿಟ್ಟು ಬೆರಳಗಲಕ್ಕೆ ಕತ್ತರಿಸಿ. ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು.

ಅನ್ನಕ್ಕೆ ಬಾಸ್ಮತಿ ಬೇಡ, ಕುಚ್ಚಲಕ್ಕಿಯೂ ಹೊಂದುವುದಿಲ್ಲ. ಸೋನಾ ಮಸೂರಿಗೆ ತುಸು ಹೆಚ್ಚು ನೀರಿಟ್ಟು ಮೆತ್ತಗೆ ಬೇಯಿಸಿ. ರಸವನ್ನು ಹಿಡಿದಿಟ್ಟುಕೊಳ್ಳುವ ಅನ್ನ ಬೇಕು.

ಈಗ ಅಗಲವಾದ ಬಾಣಲೆಯಲ್ಲಿ ಸಾರು, ಸೋಯಾ ಸಾಸ್, ಸಕ್ಕರೆ ಹಾಕಿ ಕುದಿಸಿ. ಮಿರಿನ್‌ನ ಜಾಗ ತುಂಬುವುದು ಈ ಸಕ್ಕರೆ ಮತ್ತು ಅರ್ಧ ಟೀ ಚಮಚ ಲಿಂಬೆ ರಸ. ಉದ್ದುದ್ದ ಹೆಚ್ಚಿದ ಈರುಳ್ಳಿ ಹಾಕಿ ಮೆತ್ತಗಾಗಲು ಬಿಡಿ. ರುಚಿ ನೋಡಿ, ಸಿಹಿ ಮುಂದಿರಬೇಕು, ಉಪ್ಪು ಹಿಂದಿರಬೇಕು. ಬೇರೆ ಉಪ್ಪು ಹಾಕಲು ಹೋಗಬೇಡಿ. ಒಂದು ಟೇಬಲ್ ಚಮಚ ಸೋಯಾ ಸಾಸಿನಲ್ಲೇ ಎರಡು ಗ್ರಾಮಿಗೂ ಹೆಚ್ಚು ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳಿರುವುದೇ 5 ಗ್ರಾಮಿನೊಳಗೆ. ರಕ್ತದೊತ್ತಡದ ಹಿರಿಯರು ಮನೆಯಲ್ಲಿದ್ದರೆ ಅವರ ಪಾಲಿಗೆ ರಸ ಕಡಿಮೆ ಹಾಕಿ.

ಕತ್ತರಿಸಿದ ಕಟ್ಲೆಟ್ಟುಗಳನ್ನು ಈರುಳ್ಳಿಯ ಮೇಲೆ ಜೋಡಿಸಿ. ಆರು ಮೊಟ್ಟೆಗಳನ್ನು ಫೋರ್ಕಿನಿಂದ ಏಳೆಂಟು ಸಲ ಮಾತ್ರ ಕಲಕಿ. ಆಮ್ಲೆಟ್ಟಿಗೆ ಹೊಡೆದಂತೆ ನೊರೆ ಬರಿಸಬೇಡಿ, ಬಿಳಿ ಮತ್ತು ಹಳದಿ ಬೇರೆ ಬೇರೆಯಾಗಿ ಕಾಣಬೇಕು. ಮೊದಲು ಮುಕ್ಕಾಲು ಪಾಲು ಸುತ್ತಲೂ ಸುರಿದು ಮುಚ್ಚಿ, ಒಂದು ನಿಮಿಷದ ಮೇಲೆ ಉಳಿದದ್ದನ್ನು ಸುರಿದು ಮತ್ತೆ ಮುಚ್ಚಿ. ಜಪಾನಿನವರು ಮೊಟ್ಟೆ ಅರೆಬೆಂದಿರುವಾಗಲೇ ಇಳಿಸುತ್ತಾರೆ. ಅಲ್ಲಿ ಮೊಟ್ಟೆಯನ್ನು ಹಸಿಯಾಗಿಯೇ ತಿನ್ನುವ ರೂಢಿಯಿದೆ. ನಮ್ಮ ಅಂಗಡಿ ಮೊಟ್ಟೆಗೆ ಆ ಧೈರ್ಯ ಬೇಡ, ಗರ್ಭಿಣಿಯರು, ಚಿಕ್ಕ ಮಕ್ಕಳು ಇರುವಲ್ಲಿ ಖಂಡಿತ ಬೇಡ. ಪೂರ್ತಿ ಗಟ್ಟಿಯಾಗುವವರೆಗೆ ಇನ್ನೆರಡು ನಿಮಿಷ ಕಾಯಿರಿ, ರುಚಿಗೆ ಮೋಸವಿಲ್ಲ.

ನಾಲ್ಕು ಪಾಲು ಮಾಡಿ ಸಟ್ಟುಗದಿಂದ ಎತ್ತಿ ಅನ್ನದ ಮೇಲೆ ಜಾರಿಸಿ, ಈರುಳ್ಳಿ ಸೊಪ್ಪು ಉದುರಿಸಿ. ಅಷ್ಟು ಗರಿಗರಿಯಾಗಿ ಕರಿದು ಕೊನೆಗೆ ರಸದಲ್ಲಿ ನೆನೆಸುವುದೇಕೆ ಎಂದು ನಿಮಗೆ ಅನಿಸಬಹುದು, ನನಗೂ ಅನಿಸಿತ್ತು. ತಿಂದರೆ ಗೊತ್ತಾಗುತ್ತದೆ. ಅಡಿಭಾಗ ರಸ ಕುಡಿದು ಮೆತ್ತಗಾಗಿರುತ್ತದೆ, ಮೇಲಿನ ಅಂಚು ಇನ್ನೂ ಕರುಕಲಾಗಿರುತ್ತದೆ. ಹಲ್ಲಿಲ್ಲದ ಅಜ್ಜಿಯೂ ತಿನ್ನಬಹುದು. ಕಡ್ಡಿಯಲ್ಲಿ ತಿನ್ನುವ ಸರ್ಕಸ್ ಮಕ್ಕಳಿಗೆ ಬಿಟ್ಟು ನೀವು ಚಮಚ ಹಿಡಿಯಿರಿ.

ಕಟ್ಲೆಟ್ ಕರಿಯಲು ಸಮಯವಿಲ್ಲದ ದಿನ, ಅದೇ ರಸದಲ್ಲಿ ಕೋಳಿಯ ಸಣ್ಣ ತುಂಡುಗಳನ್ನು ಬೇಯಿಸಿ ಮೊಟ್ಟೆ ಸುರಿದರೆ ಅದು 'ಓಯಾಕೊದೋನ್'. ಓಯಾಕೊ ಎಂದರೆ ತಾಯಿ ಮಗು. ಕೋಳಿ ಮತ್ತು ಮೊಟ್ಟೆ ಒಂದೇ ಬಟ್ಟಲಿನಲ್ಲಿ! ಕೇಳಿದರೆ ಪಾಪ ಅನ್ನಿಸುತ್ತದೆ, ತಿನ್ನುವಾಗ ನೆನಪಾಗುವುದಿಲ್ಲ.

ಜಪಾನಿ ಭಾಷೆಯಲ್ಲಿ 'ಕತ್ಸು' ಎಂಬ ಉಚ್ಚಾರಕ್ಕೆ ಗೆಲ್ಲು ಎಂಬ ಅರ್ಥವೂ ಇದೆ. ಹಾಗಾಗಿ ಅಲ್ಲಿನ ಮಕ್ಕಳು ಪರೀಕ್ಷೆಯ ಹಿಂದಿನ ದಿನ ಶುಭವಾಗಲೆಂದು ಇದನ್ನು ತಿನ್ನುವುದುಂಟು. ಕಾರ್ಟೂನು ನೋಡಿದ ನಿಮ್ಮ ಮಗಳೂ ಎಸೆಸೆಲ್ಸಿಯ ಹಿಂದಿನ ರಾತ್ರಿ ಕೇಳಿದರೆ ಧಾರಾಳವಾಗಿ ಮಾಡಿಕೊಡಿ. ಗೆಲುವು ಕೊಡುವವನು ಅಲ್ಲಾಹನು, ಬಟ್ಟಲಲ್ಲ ಎಂಬ ಮಾತನ್ನು ಬಡಿಸುವಾಗ ನಗುತ್ತಲೇ ಹೇಳಿಬಿಡಿ. ದುಆ ಮಾಡಿ, ಓದಿಗೆ ಕೂರಿಸಿ. ಆದರೆ ಪರೀಕ್ಷೆಯ ದಿನ ಬೆಳಿಗ್ಗೆ ಮಾತ್ರ ಕರಿದದ್ದು ಬೇಡ, ಹೊಟ್ಟೆ ಭಾರವಾಗುತ್ತದೆ.

ಎರಡು ಕಟ್ಲೆಟ್ ಹೆಚ್ಚಿಗೆ ಕರಿದು ಫ್ರಿಜ್ಜಿನಲ್ಲಿಟ್ಟಿದ್ದರೆ ಮರುದಿನ ಕಾವಲಿಯ ಮೇಲೆ ಚೆನ್ನಾಗಿ ಬಿಸಿ ಮಾಡಿ, ಸಣ್ಣಗೆ ಹೆಚ್ಚಿದ ಎಲೆಕೋಸಿನೊಂದಿಗೆ ಬ್ರೆಡ್ಡಿನ ನಡುವೆ ಇಟ್ಟು ಶಾಲೆಯ ಬುತ್ತಿಗೆ ಕೊಡಿ. ಜಪಾನಿನವರೂ ಹಾಗೇ ಮಾಡುತ್ತಾರೆ, ಅದಕ್ಕೆ 'ಕತ್ಸು ಸಾಂದೊ' ಎಂದು ಹೆಸರು. ತರಿ ಮಾಡುವಾಗ ಕತ್ತರಿಸಿಟ್ಟ ಬ್ರೆಡ್ ಅಂಚುಗಳನ್ನು ಬಿಸಾಡಬೇಡಿ, ತುಪ್ಪದಲ್ಲಿ ಹುರಿದು ಸಕ್ಕರೆ ಉದುರಿಸಿದರೆ ಸಂಜೆಯ ಚಹಾಕ್ಕೆ ಆಯಿತು.