ಕಾದಂಬರಿ ಓದಿದ ಮೇಲೆ ಅಜ್ಜಿಯನ್ನು ಕೇಳಿ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ದೂರವಾಣಿ ಕರೆ ಮಾಡಿದ್ದಳು. ಮೂಡುಬಿದಿರೆಯ ಕೊಂಕಣಿ ಮನೆಯ ಹುಡುಗಿ. ಅವಳ ಮಗಳಿಗೆ ಶಾಲೆಯಲ್ಲಿ ಏಮಿ ಟ್ಯಾನ್ ಬರೆದ ‘ದಿ ಜಾಯ್ ಲಕ್ ಕ್ಲಬ್’ ಕಾದಂಬರಿಯನ್ನು ಓದಲು ಕೊಟ್ಟಿದ್ದರಂತೆ. ಮಗಳು ಓದಿ ಮುಗಿಸಿದ ಪುಸ್ತಕವನ್ನು ತಾಯಿ ಕೈಗೆತ್ತಿಕೊಂಡಳು. ಎರಡು ರಾತ್ರಿ ನಿದ್ದೆಗೆಟ್ಟು ಓದಿದಳು. “ಸರ್, ಚೀನಾದಿಂದ ಅಮೆರಿಕಕ್ಕೆ ಹೋದ ತಾಯಂದಿರು, ಅಲ್ಲಿಯೇ ಬೆಳೆದ ಹೆಣ್ಣುಮಕ್ಕಳು. ಓದುತ್ತಾ ಹೋದಂತೆ ನನ್ನ ಮನೆಯದೇ ಕಥೆ ಅನ್ನಿಸಿತು. ನಮ್ಮವರ ಬಗ್ಗೆಯೂ ಇಂಥದೊಂದು ಕಾದಂಬರಿ ಇದೆಯೇ?” ಎಂದು ಕೇಳಿದಳು.

ಇದೆ ಎಂದೆ. ಗೋಪಾಲಕೃಷ್ಣ ಪೈಯವರ ‘ಸ್ವಪ್ನ ಸಾರಸ್ವತ’ದ ಹೆಸರು ಹೇಳಿದೆ. ಆದರೆ ಕರೆ ಮುಗಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಹೆಸರಿನ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು ಎನಿಸಿತು. ಆ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೋವೆಯನ್ನು ತೊರೆದು ದಕ್ಷಿಣಕ್ಕೆ ಬಂದ ಸಾರಸ್ವತರ ಹಲವು ತಲೆಮಾರುಗಳ ಬದುಕನ್ನು ಹೇಳುವ ಆ ಬೃಹತ್ ಕಾದಂಬರಿ 2009ರಲ್ಲಿ ಪ್ರಕಟವಾಯಿತು. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದಕ್ಕೆ ಸಂದಿತು. ಆಗ ನಾನು ಬೆಳ್ತಂಗಡಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದೆ. ಶಿಕ್ಷಕರ ಕೊಠಡಿಯಲ್ಲಿ ಒಂದೇ ಒಂದು ಪ್ರತಿ ಇತ್ತು. ಅದು ಕೈಯಿಂದ ಕೈಗೆ ದಾಟಿ, ರಟ್ಟು ಸಡಿಲಗೊಂಡು, ಕೊನೆಗೆ ಬೈಂಡು ಹಾಕಿಸಬೇಕಾಯಿತು. ಬಂಟ್ವಾಳ ಪೇಟೆಯ ನಮ್ಮ ಬಂಧುಗಳ ಮನೆಗಳಲ್ಲಂತೂ, ದಿನಪತ್ರಿಕೆಯ ಹೊರತು ಬೇರೇನನ್ನೂ ಓದದವರೂ ಅದನ್ನು ಓದಿದರು. ಕಣ್ಣು ಮಂಜಾದ ಹಿರಿಯರಿಗೆ ಮೊಮ್ಮಕ್ಕಳು ಓದಿ ಹೇಳಿದರು.

ಅಷ್ಟು ಪ್ರೀತಿ ಯಾಕೆ? ನನಗೆ ತೋಚುವ ಕಾರಣ ಸರಳವಾದದ್ದು. ನಮ್ಮಲ್ಲಿ ಬಹುತೇಕ ಮನೆಗಳಿಗೆ ಬರೆದಿಟ್ಟ ಚರಿತ್ರೆಯಿಲ್ಲ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಮುಂದೆ ದೇವಾಲಯಗಳು ಉರುಳಿದಾಗ ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ ಹೋದಳು, ಮಂಗೇಶ ಪ್ರಿಯೋಳಕ್ಕೆ ಹೋದ. ಇಂದಿಗೂ ನಮ್ಮ ಕಡೆಯ ಕುಟುಂಬಗಳು ಕುಲದೇವರ ದರ್ಶನಕ್ಕೆಂದು ಅಲ್ಲಿಗೆ ಹೋಗಿಬರುತ್ತವೆ. ದೇವರ ದಾರಿ ನಮಗೆ ಗೊತ್ತು. ಆದರೆ ನಮ್ಮ ಮನೆಯವರು ಯಾವ ದಾರಿಯಾಗಿ, ಏನನ್ನು ಹೊತ್ತುಕೊಂಡು, ಯಾರ ಜಗಲಿಯಲ್ಲಿ ಮಲಗಿ ಇಲ್ಲಿಗೆ ತಲುಪಿದರೆಂಬುದು ಗೊತ್ತಿಲ್ಲ. ಆ ಖಾಲಿ ಜಾಗವನ್ನು ಕಾದಂಬರಿ ತುಂಬಿತು. ಹಸಿದವನಿಗೆ ಅನ್ನ ಸಿಕ್ಕಿದಂತೆ ಜನ ಅದನ್ನು ಸ್ವೀಕರಿಸಿದರು.

ಈ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆ ಪ್ರೀತಿ ಮುಂದೆ ಹಿಡಿಯುವ ದಾರಿಯ ಬಗ್ಗೆ ಮಾತ್ರ ಎರಡು ಮಾತು.

ಮೊದಲನೆಯದು. ಮದುವೆಯೊಂದರ ಊಟದ ಪಂಕ್ತಿಯಲ್ಲಿ ಬಂಧುವೊಬ್ಬರು, ನಮ್ಮ ಪೂರ್ವಜರು ಇಂಥ ಕಾಲದಲ್ಲಿ ಇಂಥ ಕಾರಣಕ್ಕೆ ಬಂದವರೆಂದು ಖಂಡತುಂಡವಾಗಿ ವಾದಿಸುತ್ತಿದ್ದರು. ಆಧಾರವೇನೆಂದು ಕೇಳಿದೆ. “ಕಾದಂಬರಿಯಲ್ಲಿ ಹಾಗೆಯೇ ಉಂಟಲ್ಲ!” ಎಂದರು. ಕಾದಂಬರಿ ವಂಶಾವಳಿಯಲ್ಲ. ಅದು ಒಬ್ಬ ಲೇಖಕನ ಅಧ್ಯಯನ ಮತ್ತು ಕಲ್ಪನೆಗಳು ಕೂಡಿ ಹುಟ್ಟಿದ್ದು. ಸಾರಸ್ವತರೆಲ್ಲರೂ ಒಂದೇ ಕಾಲದಲ್ಲಿ, ಒಂದೇ ಭಯದಿಂದ ಬಂದವರೂ ಅಲ್ಲ. ವ್ಯಾಪಾರಕ್ಕೆಂದು ಬಂದು ನಿಂತವರೂ ಇದ್ದಾರೆ. ಇಂಥ ಜಗಳ ಅಮೆರಿಕದಲ್ಲಿಯೂ ನಡೆದಿದೆ. 1989ರಲ್ಲಿ ಪ್ರಕಟವಾದ ‘ದಿ ಜಾಯ್ ಲಕ್ ಕ್ಲಬ್’ ಲಕ್ಷಾಂತರ ಓದುಗರನ್ನು ಗೆದ್ದಿತಾದರೂ, ಚೀನೀ ಮೂಲದವರೇ ಆದ ಲೇಖಕ ಫ್ರಾಂಕ್ ಚಿನ್ ಅದರ ಮೇಲೆ ಹರಿಹಾಯ್ದರು. ಚೀನೀಯರ ಪರಂಪರೆಯನ್ನು ಅದು ತಿರುಚಿದೆ ಎಂದರು. ಒಂದು ಸಮುದಾಯಕ್ಕೆ ಒಂದೇ ಪುಸ್ತಕ ಕನ್ನಡಿಯಾದಾಗ ಈ ಜಗಳ ತಪ್ಪಿದ್ದಲ್ಲ. ಕನ್ನಡಿಗಳು ಹೆಚ್ಚಬೇಕು, ಇರುವ ಒಂದನ್ನು ಒಡೆಯುವುದೂ ಬೇಡ, ಪೂಜಿಸುವುದೂ ಬೇಡ.

ಎರಡನೆಯದನ್ನು ನನಗೆ ಕಲಿಸಿದ್ದು ಒಬ್ಬ ವಿದ್ಯಾರ್ಥಿನಿ. ತರಗತಿಯಲ್ಲಿ ಆ ಕಾದಂಬರಿಯ ಕುರಿತು ಹೇಳುತ್ತಾ, ಗೋವೆಯಿಂದ ಓಡಿಬಂದವರ ವಿಚಾರಕ್ಕೆ ಬಂದಿದ್ದೆ. ನನಗೆ ಅರಿವಿಲ್ಲದೆಯೇ “ನಮ್ಮವರು” ಎಂಬ ಪದ ಎರಡು ಮೂರು ಬಾರಿ ಬಾಯಿಂದ ಬಂದಿರಬೇಕು. ಹಿಂದಿನ ಬೆಂಚಿನ ಕ್ರೈಸ್ತ ಹುಡುಗಿ ಎದ್ದು ನಿಂತು, “ಸರ್, ನಾವೂ ಗೋವೆಯಿಂದಲೇ ಬಂದವರಂತೆ. ಮೊದಲು ನಮ್ಮದು ಪ್ರಭು ಮನೆತನವಾಗಿತ್ತೆಂದು ಅಜ್ಜಿ ಹೇಳುತ್ತಾರೆ” ಎಂದಳು. ತರಗತಿ ಒಂದು ಗಳಿಗೆ ಸ್ತಬ್ಧವಾಯಿತು. ಅದೇ ತರಗತಿಯಲ್ಲಿದ್ದ ಸಾರಸ್ವತ ಹುಡುಗ ತಿರುಗಿ ಅವಳನ್ನು ಹೊಸಬಳೆಂಬಂತೆ ನೋಡಿದ.

ಅವಳು ಹೇಳಿದ್ದು ನಿಜ. ಗೋವೆಯಲ್ಲಿ 1560ರಿಂದ ಆರಂಭವಾದ ಇನ್‌ಕ್ವಿಸಿಷನ್ ನ್ಯಾಯಪೀಠದ ವಿಚಾರಣೆಗೆ ಹೆಚ್ಚಾಗಿ ಗುರಿಯಾದವರು ಮತಾಂತರಗೊಂಡವರೇ. ಹಳೆಯ ಆಚಾರಗಳನ್ನು ಬಿಟ್ಟಿಲ್ಲವೆಂಬುದು ಅವರ ಮೇಲಿನ ಆರೋಪ. 1684ರಲ್ಲಿ ಪೋರ್ಚುಗೀಸ್ ವೈಸರಾಯ್, ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆ ಹೊರಡಿಸಿದಾಗ ಅದು ತಟ್ಟಿದ್ದೂ ಅವರಿಗೇ. ಹೀಗೆ ಬಂದವರು ಇಲ್ಲಿಯೂ ನೆಮ್ಮದಿಯಾಗಿರಲಿಲ್ಲ. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಬದುಕುಳಿದವರು 1799ರ ಬಳಿಕ ಮರಳಿ ಬಂದು ಮತ್ತೆ ಗದ್ದೆ ತೋಟ ಮಾಡಿದರು. ನೀರಿಗೆ ‘ಉದ್ದಾಕ’ ಎನ್ನುವ ನಮ್ಮ ಮನೆಗೂ ‘ಉದಾಕ್’ ಎನ್ನುವ ಅವಳ ಮನೆಗೂ ನಡುವೆ ಇರುವುದು ಉಚ್ಚಾರದ ಸಣ್ಣ ವ್ಯತ್ಯಾಸ ಮಾತ್ರ. ಅಷ್ಟು ವರ್ಷ ಪಾಠ ಹೇಳಿದ ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು, ಎದೆಯಲ್ಲಿ ಗೊತ್ತಿರಲಿಲ್ಲ.

ನಮ್ಮ ಈ ಮೂರು ತಾಲೂಕುಗಳಲ್ಲಿ ಎಲ್ಲಿಂದಲೋ ಬಂದವರು ಒಬ್ಬರೇ ಇಬ್ಬರೇ? ಮುಂಡಾಜೆಯ ಕಡೆ ಮನೆಯೊಳಗೆ ಚಿತ್ಪಾವನಿ ಮಾತಾಡುವವರಿದ್ದಾರೆ. ಬೆಳ್ತಂಗಡಿಯ ಘಟ್ಟದ ತಪ್ಪಲಿಗೆ ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ರಬ್ಬರ್ ಬೆಳೆಸಿದವರಿದ್ದಾರೆ. ಬ್ಯಾರಿಗಳ ಮನೆಮಾತಿನಲ್ಲಿ ಅರಬ್ಬೀ ಸಮುದ್ರದ ವ್ಯಾಪಾರದ ನೆನಪಿದೆ. ಇವರೆಲ್ಲರಿಗೂ ನೆರಳು ಕೊಟ್ಟದ್ದು ತುಳುವರ ನೆಲ. ಒಂದು ಕಾದಂಬರಿಯನ್ನು ಓದಿ “ನಾವು ಎಷ್ಟು ನೊಂದವರು” ಎಂದಷ್ಟೇ ತಿಳಿದರೆ ಓದು ಅರ್ಧವಾಯಿತು. “ಪಕ್ಕದ ಮನೆಯವರೂ ನೊಂದಿರಬಹುದು” ಎಂದು ತಿಳಿದಾಗ ಓದು ಪೂರ್ಣವಾಯಿತು.

ಇನ್ನು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 1974ರ ನೆರೆಯಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಯೊಳಗೆ ನುಗ್ಗಿದಾಗ ನಾನು ಹದಿಹರೆಯದವನು. ಅಂಗಡಿಯ ಕೆಳಗಿನ ಕೋಣೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಲೆಕ್ಕದ ಪುಸ್ತಕಗಳು, ಜಾತಕಗಳು, ಅಜ್ಜನ ಅಜ್ಜ ಬರೆದಿಟ್ಟಿದ್ದನೆನ್ನಲಾದ ಹಾಳೆಗಳು ಕೆಸರಿನ ಮುದ್ದೆಯಾದವು. ನೀರು ಇಳಿದ ಮೇಲೆ ತಂದೆಯವರು ಅವನ್ನು ಗುದ್ದಲಿಯಿಂದ ಎಳೆದು ಹಾಕುತ್ತಿದ್ದರು. ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ನನ್ನನ್ನು ಕರೆದು, “ಕಾಗದ ಹೋದರೆ ಹೋಗಲಿ ಮಗಾ, ನಾನಿದ್ದೇನಲ್ಲ. ಬೇಕಾದರೆ ಕೇಳು” ಎಂದರು. ನಾನು ಕೇಳಲಿಲ್ಲ. ಪರೀಕ್ಷೆಯಿತ್ತು, ಗೆಳೆಯರಿದ್ದರು, ಅಜ್ಜಿ ಹೇಗೂ ಅಲ್ಲಿಯೇ ಇರುತ್ತಾರೆಂಬ ಭಂಡ ಧೈರ್ಯವಿತ್ತು. ಎರಡು ವರ್ಷಗಳಲ್ಲಿ ಅವರು ತೀರಿಕೊಂಡರು. ಮುಂದೆ ಬಿ.ಎಡ್. ಮಾಡಿ, ‘ಸ್ಥಳೀಯ ಇತಿಹಾಸವನ್ನು ಹಿರಿಯರಿಂದ ಕೇಳಿ ಬರೆಯಿರಿ’ ಎಂದು ಎಷ್ಟೋ ಮಕ್ಕಳಿಗೆ ಮನೆಗೆಲಸ ಕೊಟ್ಟೆ. ನನ್ನ ಮನೆಗೆಲಸ ಮಾತ್ರ ಹಾಗೆಯೇ ಉಳಿಯಿತು.

ಏಮಿ ಟ್ಯಾನರ ಕಾದಂಬರಿಯಲ್ಲಿಯೂ ಇಂಥ ಒಬ್ಬ ಮಗಳಿದ್ದಾಳೆ. ತಾಯಿ ತೀರಿಹೋದ ಮೇಲೆ, ಚೀನಾದಲ್ಲಿ ಉಳಿದುಹೋದ ಅಕ್ಕಂದಿರಿಗೆ ತಾಯಿಯ ಬಗ್ಗೆ ಹೇಳಬೇಕಾಗಿ ಬಂದಾಗ, ತನಗೆ ತಾಯಿಯ ಬಗ್ಗೆ ಏನೂ ಗೊತ್ತಿಲ್ಲವೆಂದು ಅವಳಿಗೆ ಅರಿವಾಗುತ್ತದೆ. ಅಲ್ಲಿ ಓದು ನಿಲ್ಲಿಸಿ ನಾನು ಬಹಳ ಹೊತ್ತು ಹೊರಗೆ ನೋಡುತ್ತಾ ಕುಳಿತಿದ್ದೆ. ‘ಸ್ವಪ್ನ ಸಾರಸ್ವತ’ವನ್ನು ನಾನು ಮೂರು ಬಾರಿ ಓದಿದ್ದರಲ್ಲಿ, ಅಜ್ಜಿಯನ್ನು ಕೇಳದೆ ಉಳಿದ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಹುಡುಕುವ ಆಸೆಯೂ ಇತ್ತು. ಪುಸ್ತಕ ಬಹಳಷ್ಟನ್ನು ಕೊಟ್ಟಿತು. ಅಜ್ಜಿಯ ಉತ್ತರವನ್ನು ಕೊಡಲಿಲ್ಲ. ಕೊಡಲು ಅದಕ್ಕೆ ಸಾಧ್ಯವೂ ಇಲ್ಲ.

ಆದ್ದರಿಂದ, ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ಕಾದಂಬರಿಯನ್ನು ಖಂಡಿತ ಓದಿ. ಓದಿ ಮುಗಿಸಿದ ದಿನವೇ ಮನೆಯ ಹಿರಿಯರೊಬ್ಬರ ಬಳಿ ಕುಳಿತುಕೊಳ್ಳಿ. ದೂರದಲ್ಲಿದ್ದರೆ ಕರೆ ಮಾಡಿ. “ನಾವು ಎಲ್ಲಿಂದ ಬಂದೆವು?” ಎಂದು ದೊಡ್ಡ ಪ್ರಶ್ನೆ ಕೇಳಿದರೆ ಅವರು ತಡವರಿಸಬಹುದು. “ನಿಮ್ಮ ಅಜ್ಜಿ ಹಬ್ಬಕ್ಕೆ ಏನು ಮಾಡುತ್ತಿದ್ದರು? ಯಾರ ಮನೆಗೆ ಹೋಗುತ್ತಿದ್ದರು?” ಎಂದು ಕೇಳಿ, ಉಳಿದದ್ದು ತಾನಾಗಿ ಬರುತ್ತದೆ. ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ. ಆ ಬರಹವನ್ನು ನೆರೆಯ ನೀರು ಮುಟ್ಟದಷ್ಟು ಎತ್ತರದಲ್ಲಿಡಿ.

ಕ್ಯಾಲಿಫೋರ್ನಿಯಾದ ಆ ಹುಡುಗಿಗೆ ಇದನ್ನೇ ಹೇಳಬೇಕಿತ್ತು. ಅವಳ ತಾಯಿ ಮೂಡುಬಿದಿರೆಯಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ನಾಳೆ ನಾನೇ ಕರೆ ಮಾಡಿ ಹೇಳುತ್ತೇನೆ.