ಮಿಡತೆಗೊಂದು ಹೆಸರು

ಮಿಡತೆಯ ಹಾಡನ್ನು ಧ್ವನಿಮುದ್ರಿಸಿ ಅಭ್ಯಾಸ ಮಾಡುವವರಿದ್ದಾರೆ ಎಂದು ಮೊನ್ನೆ ಸ್ಟಾಫ್ ರೂಮಿನಲ್ಲಿ ಹೇಳಿದೆ. "ಅದಕ್ಕೂ ಸಂಬಳ ಕೊಡ್ತಾರಾ ಮೇಡಂ?" ಎಂದರೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಾಚಿಕೆಯಾಯಿತು.

ಯಲಹಂಕಕ್ಕೆ ದೂರವೇನಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯ ವಿವೇಕ್ ನಿತ್ಯಾನಂದ ಮತ್ತು ರೋಹಿಣಿ ಬಾಲಕೃಷ್ಣನ್ 2006ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ದಕ್ಷಿಣ ಭಾರತದಲ್ಲಿ ಮೆಕೊಪೊಡಾ ಎಂಬ, ಎಲೆಯಂಥ ರೆಕ್ಕೆಯ, ಉದ್ದ ಮೀಸೆಯ ಮಿಡತೆಗಳಿವೆ. ನೋಡಲು ಎಲ್ಲವೂ ಒಂದೇ. ಹಾಡು ಮಾತ್ರ ಐದು ಬಗೆ. ಒಂದರದು ಹೆಲಿಕಾಪ್ಟರಿನಂತೆ, ಇನ್ನೊಂದರದು ರೈಲಿನಂತೆ. ರೆಕ್ಕೆಗೆ ರೆಕ್ಕೆ ಉಜ್ಜಿ ಹಾಡುವುದು ಗಂಡು. ಮುಂಗಾಲಿನಲ್ಲಿರುವ ಕಿವಿಯಿಂದ ಕೇಳಿ ಆರಿಸುವುದು ಹೆಣ್ಣು. ರೂಪಕ್ಕೆ ಮರುಳಾಗುವವರು ನಾವು, ಅವಳಲ್ಲ!

ಹೊಸ ಪ್ರಭೇದವೆಂದು ಸಾರುವುದು ತೊಟ್ಟಿಲ ಮಗುವಿಗೆ ಹೆಸರು ಕೂಗಿದಷ್ಟು ಸುಲಭವಲ್ಲ. ಈಗಾಗಲೇ ಹೆಸರಿರುವ ಬಂಧುಗಳ ಜೊತೆಗೆಲ್ಲ ಹೋಲಿಸಬೇಕು, ರೆಕ್ಕೆಯ ಅಡಿಯ ಹಲ್ಲುಗಳನ್ನು ಎಣಿಸಬೇಕು, ಮಾದರಿಯನ್ನು ಸಂಗ್ರಹಾಲಯದಲ್ಲಿ ಇಟ್ಟು ವಿವರ ಪ್ರಕಟಿಸಬೇಕು. ಇಷ್ಟೆಲ್ಲ ಏಕೆಂದರೆ, ರಕ್ಷಣೆಯ ಪಟ್ಟಿಗೆ ಸೇರಲೂ ಹೆಸರು ಬೇಕು. ಹಾಜರಿ ಪುಸ್ತಕದಲ್ಲೇ ಇಲ್ಲದ ಮಗು ಗೈರುಹಾಜರಾದರೆ ಯಾರಿಗೆ ತಿಳಿಯುತ್ತದೆ?

ನಮ್ಮ ಬೀದಿಯ ಖಾಲಿ ಸೈಟಿನ ಪೊದೆಗಳನ್ನು ಹಾವಿನ ಭಯಕ್ಕೆ ಜೆಸಿಬಿ ತರಿಸಿ ಬೋಳಿಸಿದೆವು. ಆ ರಾತ್ರಿ ಅಲ್ಲಿಂದ ಒಂದು ಚಿರ್ ಎಂಬ ಸದ್ದೂ ಇಲ್ಲ. ಹೋದವರು ಯಾರು? ನಮಗೆ ಗೊತ್ತಿಲ್ಲ; ಪುಣ್ಯಕ್ಕೆ ಅಳಬೇಕಾಗಿಯೂ ಇಲ್ಲ!

ವರ್ಷಗಳ ಹಿಂದೆ ಏಳನೇ ತರಗತಿಯ ಹುಡುಗಿಯೊಬ್ಬಳು ಜಾಮಿಟ್ರಿ ಬಾಕ್ಸಿನಲ್ಲಿ ಹಸಿರು ಮಿಡತೆ ತಂದು, "ಮಿಸ್, ಇದರ ಹೆಸರೇನು?" ಎಂದಳು. "ಹೊರಗೆ ಬಿಸಾಕು, ಪಾಠ ನೋಡು" ಎಂದೆ. ಕೀಟವೆಂದರೆ ಬೆಳೆಗೆ ಪೀಡೆ ಎಂದು ಅಂದೇ ನೋಟ್ಸ್ ಬರೆಸಿದೆ. ಪಕ್ಕದ ಹೆಬ್ಬಾಳದಲ್ಲೇ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಅಲ್ಲಿ ಕೇಳಬಹುದು ಎಂಬುದು ನನಗೆ ಹೊಳೆಯಲಿಲ್ಲ. "ಗೊತ್ತಿಲ್ಲ, ಹುಡುಕೋಣ" ಎನ್ನಲು ಬಾಯಿಯೂ ಬರಲಿಲ್ಲ. ಆ ಹುಡುಗಿ ಮತ್ತೆ ಏನನ್ನೂ ತರಲಿಲ್ಲ.

ಮಿಡತೆಯ ಹಾಡು ಕೇಳುವವರಿಗೆ ಕೊಡುವ ಸಂಬಳ ದಂಡವಲ್ಲ. ದಂಡವಾದದ್ದು ಆ ದಿನದ ನನ್ನ ಸಂಬಳ. ಅಕ್ಕತಂಗಿಯರೇ, ಇಂದು ರಾತ್ರಿ ಟೀವಿ ಆರಿಸಿ, ಮಕ್ಕಳೊಂದಿಗೆ ಹತ್ತು ನಿಮಿಷ ಬಾಗಿಲಲ್ಲಿ ನಿಂತು ಕೇಳಿ. ಅವರು ಹೆಸರು ಕೇಳಿದರೆ, ನನ್ನಂತೆ ಬಿಸಾಕು ಎನ್ನಬೇಡಿ.