ಬಿಸಿಲು ಕೂಡಿಡುವ ಲೆಕ್ಕ



ಗಚ್ಚಿಬೌಲಿಯಲ್ಲಿ ಹೋಟೆಲ್ ನಡೆಸುವ ನಮಗೆ ಬಿಸಿಲಿಗೆ ಬರವಿಲ್ಲ. ಆದರೆ ಅದು ನಮಗೆ ಬೇಕಾದ ಹೊತ್ತಿಗೆ ಬರುವುದಿಲ್ಲ. ಇಡ್ಲಿ ಸ್ಟೀಮರ್ ಏರುವುದು ಬೆಳಗಿನ ಜಾವ ಐದಕ್ಕೆ. ಬಿಸಿಲು ಕಾವೇರುವುದು ಹತ್ತರ ಮೇಲೆ. ಗ್ಯಾಸ್ ದರ ಏರಿದಾಗಲೆಲ್ಲ, "ಟೆರೇಸ್ ಮೇಲೆ ಕನ್ನಡಿ ಡಿಷ್ ಹಾಕಿಸಿ, ಶಾಖ ಕೂಡಿಟ್ಟು ಮರುದಿನ ಬಳಸಿ" ಎಂಬ ಸಲಹೆ ಕೇಳಿಬರುತ್ತದೆ. ಇದು ನಮಗೆ ಗಿಟ್ಟುತ್ತದೆಯೇ?

ತಂತ್ರಜ್ಞಾನ ಸುಳ್ಳಲ್ಲ. ತಿರುಮಲದಲ್ಲಿ 2002ರಲ್ಲಿ 106 ಡಿಷ್‌ಗಳನ್ನೂ ಶಿರಡಿಯಲ್ಲಿ 2009ರಲ್ಲಿ 73 ಡಿಷ್‌ಗಳನ್ನೂ ಅಳವಡಿಸಿ, ಅದರ ಹಬೆಯಲ್ಲಿ ಸಾವಿರಾರು ಜನರಿಗೆ ಅಡುಗೆ ಮಾಡಿದರು. ರಾಜಸ್ಥಾನದ ಅಬು ರೋಡ್‌ನಲ್ಲಿ ಬ್ರಹ್ಮಾಕುಮಾರಿಯರ 'ಇಂಡಿಯಾ ಒನ್' ಸ್ಥಾವರವು ಎರಕದ ಕಬ್ಬಿಣದಲ್ಲಿ ಶಾಖ ಕೂಡಿಟ್ಟು ರಾತ್ರಿಯೂ ವಿದ್ಯುತ್ ಉತ್ಪಾದಿಸುವಂತೆ ನಿರ್ಮಾಣವಾಯಿತು. ಆದರೆ ಕೇವಲ 1 ಮೆಗಾವಾಟ್‌ಗೆ ತಲಾ 60 ಚದರ ಮೀಟರಿನ 770 ಡಿಷ್‌ಗಳು ಬೇಕಾದವು. ಬರೀ ಕನ್ನಡಿಯೇ 11 ಎಕರೆ! ಭಾರತ, ಜರ್ಮನಿ ಸರ್ಕಾರಗಳ ನೆರವೂ ಇತ್ತು.

ದೊಡ್ಡ ವಿದ್ಯುತ್ ಸ್ಥಾವರಗಳಿಗೂ ಲೆಕ್ಕ ಕೂಡಿಬರಲಿಲ್ಲ. 2010ರ ರಾಷ್ಟ್ರೀಯ ಸೌರ ಮಿಷನ್ ಹರಾಜಿನಲ್ಲಿ ಸೌರಶಾಖ ವಿದ್ಯುತ್ತಿಗೆ ಯೂನಿಟ್‌ಗೆ 10.49ರಿಂದ 12.24 ರೂಪಾಯಿ ದರ ಬಂದಿತ್ತು. 2017ರಲ್ಲಿ ಭಡ್ಲಾದಲ್ಲಿ ಸೌರ ಫಲಕದ ವಿದ್ಯುತ್ 2.44 ರೂಪಾಯಿಗೆ ಇಳಿಯಿತು.

ಇನ್ನು ನಮ್ಮ ಪಾಡು. ಹೆಚ್ಚಿನವರದು ಬಾಡಿಗೆ ಕಟ್ಟಡ. ಟೆರೇಸ್ ಮಾಲೀಕರ ಕೈಯಲ್ಲಿ. ಅಕ್ಕಪಕ್ಕದ ಗಾಜಿನ ಕಟ್ಟಡಗಳ ನೆರಳು ಬೇರೆ. ಡಿಷ್‌ಗೆ ನೇರ ಬಿಸಿಲೇ ಬೇಕು. ಮಳೆಗಾಲದ ಮೋಡಕ್ಕೆ ಅದು ಕೈಕಟ್ಟಿ ಕೂರುತ್ತದೆ. ಆಗ ಗ್ಯಾಸ್ ಒಲೆ ಇದ್ದೇ ಇರಬೇಕು. ಒಂದೇ ಕೆಲಸಕ್ಕೆ ಎರಡು ಬಂಡವಾಳ!

ಹಾಗೆಂದು ಬಿಸಿಲನ್ನು ಬಿಡಬೇಕಿಲ್ಲ. ಶಾಖ ಕೂಡಿಡುವ ಅಗ್ಗದ ಸಾಧನ ನಮಗೆಲ್ಲ ಗೊತ್ತಿರುವ ಸೋಲಾರ್ ವಾಟರ್ ಹೀಟರಿನ ಟ್ಯಾಂಕ್. 1000 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 41 ಯೂನಿಟ್ ಶಾಖ ಬೇಕು. 19 ಕೆ.ಜಿ. ಸಿಲಿಂಡರಿನಲ್ಲಿರುವುದು ಸುಮಾರು 240 ಯೂನಿಟ್. ಒಲೆಯಲ್ಲಿ ಅರ್ಧ ಸೋರಿಹೋದರೆ ಉಳಿಯುವುದು 120. ಅಂದರೆ ಬಿಸಿಲು ಚೆನ್ನಾಗಿರುವ ದಿನ ಮೂರನೇ ಒಂದು ಸಿಲಿಂಡರ್ ಉಳಿತಾಯ. ಇದಕ್ಕೆ ಸುಮಾರು 20 ಚದರ ಮೀಟರ್ ಫಲಕ ಸಾಕು. ಸಂಜೆ ಕಾದ ನೀರು ಬೆಳಗಿನ ಜಾವ ಸ್ಟೀಮರಿಗೆ, ಸಾರಿಗೆ, ಪಾತ್ರೆ ತೊಳೆಯಲು ಒದಗುತ್ತದೆ.

ಸ್ವಂತ ಜಾಗದಲ್ಲಿ ದಿನಕ್ಕೆ ಸಾವಿರಾರು ಊಟ ಬೇಯಿಸುವ ಕ್ಯಾಂಟೀನ್ ಗುತ್ತಿಗೆ ಹಿಡಿದವರು ಡಿಷ್ ಬಗ್ಗೆ ಧಾರಾಳವಾಗಿ ಯೋಚಿಸಲಿ. ಉಳಿದವರು ಮೊದಲು ಬಿಸಿನೀರಿನ ಲೆಕ್ಕ ಹಾಕಬೇಕು. ಮುಂದಿನ ಬಾಡಿಗೆ ಕರಾರಿನಲ್ಲಿ ಟೆರೇಸ್ ಬಳಕೆಯ ಹಕ್ಕನ್ನು ಬರೆಸಿಕೊಳ್ಳುವುದನ್ನೂ ಮರೆಯಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಜಾಣತನ ಎಂಬುದು ನಮ್ಮ ಅಭಿಪ್ರಾಯ.